ಒಂದೇ ಎಕ್ಸ್ ಇದ್ದವರ ಕಷ್ಟ
ಪ್ರಶ್ನೆ: ಶಾರ್ಕೋ-ಮರೀ-ಟೂತ್ ನರರೋಗದ ಎಕ್ಸ್ ಬಗೆ ಗಂಡಸರನ್ನೇ ಹೆಚ್ಚು ಕಾಡುವುದೇಕೆ? ಹೆಂಗಸರು ಬರೀ ವಾಹಕರೇ?

ಉತ್ತರ: ಬರೀ ವಾಹಕರಲ್ಲ. ಎಷ್ಟೋ ಹೆಂಗಸರಿಗೂ ಕಾಲು ಸೋಲುತ್ತದೆ, ಆದರೆ ಸಾಮಾನ್ಯವಾಗಿ ತಡವಾಗಿ, ಕಡಿಮೆ ಪ್ರಮಾಣದಲ್ಲಿ. 1886ರಲ್ಲಿ ಪ್ಯಾರಿಸ್ಸಿನ ಇಬ್ಬರು, ಇಂಗ್ಲೆಂಡಿನ ಒಬ್ಬ ವೈದ್ಯರು ವಿವರಿಸಿದ ಈ ರೋಗದ ಎಕ್ಸ್ ಬಗೆಯಲ್ಲಿ ಹೆಚ್ಚಾಗಿ ಕೆಟ್ಟಿರುವುದು ಎಕ್ಸ್ ವರ್ಣತಂತುವಿನಲ್ಲಿರುವ ಜಿಜೆಬಿ1 ಎಂಬ ಜೀನ್. ನರದ ಹೊದಿಕೆಯ ಪದರಗಳ ನಡುವೆ ಸಣ್ಣ ಕಿಂಡಿಗಳನ್ನು ರೂಪಿಸುವ ಪ್ರೋಟೀನು ತಯಾರಾಗುವುದು ಅದರ ಸೂಚನೆಯಂತೆ. ಗಂಡಸಿಗಿರುವುದು ಒಂದೇ ಎಕ್ಸ್, ಬದಲಿ ಇಲ್ಲ. ಹಾಗಾಗಿ ಹುಡುಗರಲ್ಲಿ ಹೆಚ್ಚಾಗಿ ಹದಿಹರೆಯದೊಳಗೇ ಪಾದದ ಕಮಾನು ಎತ್ತರವಾಗುತ್ತದೆ, ಮೀನಖಂಡ ಸೊರಗುತ್ತದೆ, ಪಾದ ಎತ್ತಲಾಗದೆ ಎಡವುತ್ತಾರೆ. ಮುಂದೆ ಅಂಗಿಯ ಗುಂಡಿ ಹಾಕುವುದೂ ಕಷ್ಟವಾಗಬಹುದು.

ಹೆಂಗಸರಿಗೆ ಎರಡು ಎಕ್ಸ್. ಆದರೆ ಭ್ರೂಣದಲ್ಲೇ ಪ್ರತಿ ಜೀವಕೋಶವೂ ಅವುಗಳಲ್ಲೊಂದನ್ನು ಮುಚ್ಚಿಬಿಡುತ್ತದೆ. ಯಾವುದನ್ನು ಎಂಬುದು ಬಹುಮಟ್ಟಿಗೆ ಅದೃಷ್ಟದಾಟ. ಅದಕ್ಕೇ ಅಕ್ಕ ಕೋಲೂರಿ ನಡೆದರೆ ತಂಗಿ ಬೆಟ್ಟ ಹತ್ತಿಯಾಳು!

ಅಪ್ಪನಿಂದ ಈ ಕೆಟ್ಟ ಜೀನ್ ಹೆಣ್ಣುಮಕ್ಕಳಿಗೆಲ್ಲ ದಾಟುತ್ತದೆ, ಗಂಡುಮಕ್ಕಳಿಗೆ ದಾಟುವುದೇ ಇಲ್ಲ. ಅಮ್ಮನಿಂದಾದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಗುಣಪಡಿಸುವ ಮದ್ದು ಇನ್ನೂ ಇಲ್ಲ, ವ್ಯಾಯಾಮವೂ ಪಾದಕ್ಕೆ ಆಸರೆಯೂ ನೆರವಾಗುತ್ತವೆ. ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಮಾತ್ರ ಈ ಕಾಯಿಲೆಯವರ ನರಗಳಿಗೆ ಅಪಾಯಕಾರಿ. ಮನೆತನದಲ್ಲಿ ರೋಗವಿದ್ದರೆ ವೈದ್ಯರಿಗೆ ಮೊದಲೇ ಹೇಳಿಬಿಡಿ.