ಬಿಟ್ಟ ಚುಟ್ಟ, ಹಿಡಿದ ಸಿಗಾರ್

ತುಂಗಭದ್ರಾ ಅಣೆಕಟ್ಟಿನ ನೀರು 1953ರಲ್ಲಿ ಕಾಲುವೆಗೆ ಹರಿದ ಮೇಲೆ ಗೋದಾವರಿ, ಕೃಷ್ಣಾ, ಗುಂಟೂರು ಕಡೆಯ ರೈತರು ಗಂಗಾವತಿ ಸೀಮೆಗೆ ಬಂದು ನೆಲ ಹಿಡಿದರು. ಶ್ರೀರಾಮನಗರದಂಥ ಕ್ಯಾಂಪ್‌ಗಳು ಎದ್ದದ್ದು ಹಾಗೆ. ಅವರಿಂದ ನಮ್ಮವರು ಭತ್ತದ ಬೇಸಾಯದ ಹೊಸ ಪಟ್ಟು ಕಲಿತರು. ನಾನು ಚುಟ್ಟ ಸೇದುವುದನ್ನೂ ಕಲಿತೆ. ಹನುಮನಹಳ್ಳಿಯ ನಮ್ಮ ಮನೆಯಲ್ಲಿ ಅಜ್ಜನ ಚಿಲುಮೆ ಇತ್ತು, ಅಪ್ಪನ ಬೀಡಿ ಇತ್ತು, ಅಜ್ಜಿಯ ಎಲೆ ಅಡಿಕೆ ಚೀಲದ ಮೂಲೆಯಲ್ಲಿ ತಂಬಾಕೂ ಇತ್ತು. ಚುಟ್ಟವನ್ನು ಮಾತ್ರ ನಾನು ಮೊದಲು ಕಂಡದ್ದು ಗಂಗಾವತಿಯ ಅಕ್ಕಿ ಮಿಲ್ಲಿನ ಮುಂದೆ, ಭತ್ತದ ಗಾಡಿ ತೂಕಕ್ಕೆ ಹೋಗುವವರೆಗೆ ಕಾಯುತ್ತ ಕೂತಿದ್ದ ಕ್ಯಾಂಪಿನ ಹಿರಿಯರೊಬ್ಬರ ಕೈಯಲ್ಲಿ.

ಅವರು ಅಂಗಡಿಯ ಚುಟ್ಟ ಕೊಳ್ಳುತ್ತಿರಲಿಲ್ಲ. ಊರಿಗೆ ಹೋಗಿ ಬರುವಾಗ ಗೋದಾವರಿಯ ಲಂಕೆಗಳ ತಂಬಾಕು ತರುತ್ತಿದ್ದರು. ಲಂಕೆ ಎಂದರೆ ಹೊಳೆಯ ನಡುವಿನ ನಡುಗಡ್ಡೆ, ಪ್ರವಾಹ ತಂದು ಹಾಕಿದ ಮೆಕ್ಕಲು ಮಣ್ಣು. ಒಣಗಿದ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಅದು ಮುರಿಯದೆ ಮಡಚುವಷ್ಟು ಮೆತ್ತಗಾದಾಗ ತೊಡೆಯ ಮೇಲೆ ಹರಡಿ, ನಡುವಿನ ದಪ್ಪ ನರವನ್ನು ತುದಿಯಿಂದ ಹಿಡಿದು ಒಂದೇ ಎಳೆತಕ್ಕೆ ಬಿಡಿಸುತ್ತಿದ್ದರು. ಹರಿದ ಚೂರುಗಳನ್ನು ಉದ್ದಕ್ಕೆ ಜೋಡಿಸಿ, ಒಳ್ಳೆಯ ಎಲೆಯೊಂದನ್ನು ಓರೆಯಾಗಿ ಸುತ್ತಿ, ತುದಿಯನ್ನು ಹಿಂಡಿ ಮುಚ್ಚುತ್ತಿದ್ದರು. ಬೀಡಿಯ ರೂಢಿಯಲ್ಲಿ ನಾನು ಹೊಗೆಯನ್ನು ಎದೆಗೆ ಎಳೆದು ಕೆಮ್ಮಿದಾಗ ಅವರು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ. "ಒಳಗ ಎಳಿಬ್ಯಾಡ ತಮ್ಮಾ. ಬಾಯಾಗ ಆಡಿಸಿ ಬಿಟ್ಟುಬಿಡು. ಅವಸರ ಇದ್ದವ್ರದಲ್ಲ ಇದು."

ಆಮೇಲೆ ಚುಟ್ಟ ದಿನದ ಸಂಗಾತಿಯಾಯಿತು. ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತುವಾಗ ನಡುವೆ ನಡುವೆ ಕೂರಬೇಕಾದ ವಯಸ್ಸು ಬಂದಾಗ ಬಿಟ್ಟೆ. ಬಹಳ ವರ್ಷ ಅದರ ಸುದ್ದಿಗೆ ಹೋಗಲಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ನೆಲಸಮವಾದವು. ಪ್ರವಾಸಿಗರು ಸಣಾಪುರ, ಆನೆಗೊಂದಿ, ನಮ್ಮ ಹನುಮನಹಳ್ಳಿಯ ಹೋಂಸ್ಟೇಗಳಿಗೆ ಬರತೊಡಗಿದರು. ನಮ್ಮ ಬಾಳೆ ತೋಟದ ಮನೆಯಲ್ಲಿ ಉಳಿದಿದ್ದ ಅತಿಥಿಯೊಬ್ಬರು ಹೊರಡುವ ದಿನ ಒಂದು ಸಿಗಾರ್ ಕೊಟ್ಟು ಹೋದರು. ಅದನ್ನು ಮೂಗಿನ ಹತ್ತಿರ ಹಿಡಿದಾಗ ಲಂಕೆಯ ಎಲೆಯ ವಾಸನೆಗೆ ಅದು ದೂರದ ನೆಂಟನೆಂದು ತಕ್ಷಣ ತಿಳಿಯಿತು. ಮನೆಯಾಕೆ ಒಂದು ಕರಾರು ಹಾಕಿದಳು. "ಸೇದೂದಾದ್ರ ಹೊರಗ ಸೇದ್ರಿ. ಮೊಮ್ಮಕ್ಕಳ ಮುಂದ ಬ್ಯಾಡ. ದೊಡ್ಡ ಹಬ್ಬಕ್ಕ ಒಂದ, ಅದಕ್ಕಿಂತ ಹೆಚ್ಚಿಗಿ ಇಲ್ಲ." ಆ ಕರಾರಿನ ಮೇಲೆಯೇ ನಾನು ಮರಳಿದ್ದು. ಮರಳುವ ಯೋಚನೆ ಇರುವವರಿಗೆ ನನ್ನ ಮೊದಲ ಮಾತೂ ಅದೇ: ಮೊದಲ ಸಿಗಾರ್‌ಗೆ ಕಡ್ಡಿ ಗೀರುವ ಮುನ್ನವೇ ವರ್ಷಕ್ಕೆ ಎಷ್ಟು ಎಂದು ಗೊತ್ತುಮಾಡಿಕೊಳ್ಳಿ, ಆ ಲೆಕ್ಕವನ್ನು ಮನೆಯವರ ಕೈಗೆ ಕೊಡಿ.

ಎರಡನೆಯ ಮಾತು ಎಲೆಯದು. ಕರ್ನಾಟಕ ತಂಬಾಕಿನ ನಾಡೇ. ಆದರೆ ಹುಣಸೂರು, ಪಿರಿಯಾಪಟ್ಟಣದಲ್ಲಿ ಬೆಳೆಯುವುದು ಸಿಗರೇಟಿನ ವರ್ಜೀನಿಯಾ. ಅದನ್ನು ಬ್ಯಾರನ್ನಿನಲ್ಲಿ ಬಿಸಿ ಕೊಟ್ಟು ಕೆಲವೇ ದಿನಗಳಲ್ಲಿ ಹಳದಿಯಾಗಿ ಹದಗೊಳಿಸುತ್ತಾರೆ. ಬಿಸಿ ಬೇಗ ಕೊಟ್ಟದ್ದರಿಂದ ಎಲೆಯೊಳಗಿನ ಸಕ್ಕರೆ ಉಳಿಯುತ್ತದೆ, ಹೊಗೆಗೆ ಹುಳಿಗುಣ ಬರುತ್ತದೆ. ನಿಪ್ಪಾಣಿಯದು ಬೀಡಿ ತಂಬಾಕು, 1981ರಲ್ಲಿ ಅಲ್ಲಿನ ರೈತರು ಬೆಲೆಗಾಗಿ ಹೆದ್ದಾರಿಗಿಳಿದು ಹೋರಾಡಿದ ಬೆಳೆ. ಸಿಗಾರ್ ಎಲೆಯ ದಾರಿ ಬೇರೆ. ಅದಕ್ಕೆ ಬೆಂಕಿ ತಾಕಿಸುವುದಿಲ್ಲ. ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗುಹಾಕಿ ಹಸಿರಿನಿಂದ ಕಂದಿಗೆ ತಿರುಗಿಸುತ್ತಾರೆ. ಆಮೇಲೆ ರಾಶಿ ಒಟ್ಟುತ್ತಾರೆ. ರಾಶಿ ಒಳಗೊಳಗೆ ಕಾವೇರುತ್ತದೆ, ಅಮೋನಿಯಾದ ಘಾಟು ಹೊರಹೋಗುತ್ತದೆ. ಕಾವು ಮಿತಿ ಮೀರುವ ಮೊದಲು ರಾಶಿ ಒಡೆದು, ಒಳಗಿನ ಎಲೆ ಹೊರಗೆ, ಹೊರಗಿನದು ಒಳಗೆ ಹಾಕಿ ಮತ್ತೆ ಒಟ್ಟಬೇಕು. ಹೀಗೆ ಹದಗೊಂಡ ಎಲೆಯ ಹೊಗೆಯಲ್ಲಿ ಕ್ಷಾರಗುಣ ಹೆಚ್ಚು. ಕ್ಷಾರದ ಹೊಗೆಯಲ್ಲಿನ ನಿಕೋಟಿನ್ ಬಾಯಿಯ ಪೊರೆಯ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ಕ್ಯಾಂಪಿನ ಹಿರಿಯರು ಒಳಗೆ ಎಳೆಯಬೇಡ ಎಂದದ್ದಕ್ಕೆ ಇದೇ ಆಧಾರ. ಎದೆಗೆ ಎಳೆಯಲಿಲ್ಲ, ಆದ್ದರಿಂದ ಏನೂ ಆಗಲಿಲ್ಲ ಎಂದು ನಂಬುವವರ ನಂಬಿಕೆ ಸುಳ್ಳಾಗುವುದೂ ಇಲ್ಲೇ.

ಈ ಎಲೆ ನಮ್ಮ ಕಡೆ ಬಂದ ಬಗೆಯನ್ನೂ ಒಂದಿಷ್ಟು ಹೇಳಬೇಕು. ತುಂಗಭದ್ರಾ ಹೊಳೆಯ ಆಚೆ ಹಂಪಿಯಲ್ಲಿ ಪಾನ್ ಸುಪಾರಿ ಬಜಾರ್ ಇದೆ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ವೀಳ್ಯವನ್ನು ಮನಸಾರೆ ಹೊಗಳಿದ್ದಾನೆ. ತಂಬಾಕಿನ ಮಾತು ಅವನಲ್ಲಿ ಇರಲು ಸಾಧ್ಯವಿಲ್ಲ, ಕೊಲಂಬಸನ ಜನ ಕ್ಯೂಬಾದಲ್ಲಿ ಹೊಗೆ ಸೇದುವವರನ್ನು ಕಂಡದ್ದೇ 1492ರಲ್ಲಿ. ಪೋರ್ಚುಗೀಸರ ಹಡಗಿನಲ್ಲಿ ಅದು ನಮ್ಮ ಕಡೆ ಬಂತು. 1604ರ ಸುಮಾರಿಗೆ ಬಿಜಾಪುರಕ್ಕೆ ಬಂದಿದ್ದ ಅಕ್ಬರನ ದೂತ ಅಸದ್ ಬೇಗ್ ಅಲ್ಲಿ ತಂಬಾಕು ಕಂಡು ಬೆರಗಾಗಿ, ಅದನ್ನೂ ಅಲಂಕರಿಸಿದ ಹುಕ್ಕಾ ಕೊಳವೆಯನ್ನೂ ದೊರೆಗೆ ಒಯ್ದ. ಅಕ್ಬರ್ ಒಂದೆರಡು ದಮ್ಮು ಎಳೆದ, ಹಕೀಮರು ಅಡ್ಡಬಂದರು, ಅವನು ನಿಲ್ಲಿಸಿದ. 1617ರಲ್ಲಿ ಜಹಾಂಗೀರ್ ನಿಷೇಧಿಸಿದ. ಮೊಗಲರ ಅರಮನೆಗೆ ತಂಬಾಕು ಹೋದದ್ದು ನಮ್ಮ ಬಿಜಾಪುರದಿಂದ. ಅದು ಬೇಡವೆನ್ನುವ ವೈದ್ಯರ ಮಾತೂ ಅಷ್ಟೇ ಹಳೆಯದು.

ಈಗ ಆರಿಸುವ ವಿಷಯ. ಕೈಯಿಂದ ಸುತ್ತಿದ ಸಿಗಾರ್‌ನಲ್ಲಿ ಮೂರು ಭಾಗ. ಒಳಗಿನ ತಿರುಳು, ಅದನ್ನು ಬಿಗಿಹಿಡಿಯುವ ನಡುಎಲೆ, ಹೊರಗಿನ ನಯವಾದ ಹೊದಿಕೆ ಎಲೆ. ತಿರುಳಿನಲ್ಲಿ ಗಿಡದ ಕೆಳಗಿನ ಎಲೆ ಚೆನ್ನಾಗಿ ಉರಿಯಲು, ನಡುವಿನದು ಪರಿಮಳಕ್ಕೆ, ಬಿಸಿಲುಂಡ ಮೇಲಿನ ಎಲೆ ಕಸುವಿಗೆ. ಈ ಮೇಲಿನ ಎಲೆಗೆ ಕ್ಯೂಬಾದವರು ಲಿಗೇರೊ ಎನ್ನುತ್ತಾರೆ, ಅದು ಹೆಚ್ಚಿದಷ್ಟೂ ಘಾಟು ಹೆಚ್ಚು. ಹೊರಗಿನ ಬಣ್ಣ ನೋಡಿ ಕಸುವು ಅಳೆಯಲಾಗದು. ಕಪ್ಪಗಿರುವ ಮದೂರೊ ಹೊದಿಕೆ ಎಷ್ಟೋ ಸಲ ಸಿಹಿಯಾಗಿರುತ್ತದೆ, ತೆಳುಗಂದು ಸಿಗಾರ್ ತಲೆ ತಿರುಗಿಸಬಹುದು.

ದಪ್ಪವನ್ನು ಇಂಚಿನ 64ನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತಾರೆ. 50 ಎಂದರೆ ಮುಕ್ಕಾಲು ಇಂಚು ಮೀರಿದ ದಪ್ಪ. ಅಂಗಡಿಯವರು ಮೊದಲು ಮುಂದಿಡುವುದು ಇಂಥ ದಪ್ಪನೆಯ ರೊಬಸ್ಟೊವನ್ನೇ. ಮರಳಿ ಬರುವವರು ಅದನ್ನು ಬದಿಗಿಟ್ಟು, 42ರ ದಪ್ಪದ, ಐದು ಇಂಚಿನ ಆಸುಪಾಸಿನ ಪೆಟಿಟ್ ಕೊರೊನಾ ಕೇಳಲಿ. ಅರ್ಧ ಗಂಟೆಯ ಮೇಲೆ ಸ್ವಲ್ಪ ಹೊತ್ತಿಗೆ ಮುಗಿಯುತ್ತದೆ. ಬಿಟ್ಟು ವರ್ಷಗಳಾದ ಮೈಗೆ ನಿಕೋಟಿನ್ ತಾಳುವ ರೂಢಿ ತಪ್ಪಿರುತ್ತದೆ. ಹಣೆಯಲ್ಲಿ ತಣ್ಣನೆ ಬೆವರು ಬಂದು ವಾಕರಿಕೆ ಎದ್ದರೆ ಅಲ್ಲಿಗೇ ಕೈಬಿಡಬೇಕು. ಖಾಲಿ ಹೊಟ್ಟೆಯಲ್ಲಂತೂ ಮುಟ್ಟಲೇಬಾರದು. ನಾನು ಹಬ್ಬದ ಊಟ ಇಳಿದ ಮೇಲೆ, ಸಂಜೆ ತೋಟದಲ್ಲಿ, ಪಕ್ಕದಲ್ಲಿ ನೀರಿನ ತಂಬಿಗೆ ಇಟ್ಟುಕೊಂಡು ಕೂರುತ್ತೇನೆ. ನಿಮಿಷಕ್ಕೆ ಒಂದು ದಮ್ಮು ಸಾಕು. ಅವಸರಿಸಿದರೆ ಸಿಗಾರ್ ಕಾದು ಕಹಿಯಾಗುತ್ತದೆ. ಬೂದಿ ಕೊಡವಲು ಹೋಗಬಾರದು, ತಾನಾಗಿ ಬೀಳಲಿ. ಕೊನೆಯ ಮೂರನೇ ಒಂದು ಭಾಗದಲ್ಲಿ ಘಾಟು ಕೂಡಿಕೊಳ್ಳುತ್ತದೆ, ಅದನ್ನು ನಾನು ಸೇದುವುದಿಲ್ಲ.

ಹೆಸರು ಕೇಳಿದರೆ ಹೇಳುತ್ತೇನೆ. ಮೊದಲಿಗೆ ಡೊಮಿನಿಕನ್ ಗಣರಾಜ್ಯದ ಮಕಾನುಡೊ. ಕನೆಕ್ಟಿಕಟ್‌ನ ನೆರಳಿನಲ್ಲಿ ಬೆಳೆದ ಎಲೆ ಹೊದಿಸಿದ್ದು, ಬಾಯಿಗೆ ಹಗುರ. ಕ್ಯೂಬಾದ್ದೇ ಬೇಕೆಂದರೆ ಹೋಯೊ ದೆ ಮಾಂಟೆರೆ ಸೌಮ್ಯ, ರೋಮಿಯೊ ಇ ಜೂಲಿಯೆಟಾ ಮಧ್ಯಮ. 1845ರಿಂದ ಬಂದ ಪಾರ್ತಗಾಸ್, ಅದರ ಹಾಗೆಯೇ ಗಟ್ಟಿಯಾದ ಬೊಲಿವಾರ್ ಈಗಲೇ ಬೇಡ. ನಿಕರಾಗುವಾದ ಸಿಗಾರ್‌ಗಳಲ್ಲಿ ಮೆಣಸಿನ ಖಾರ ಹೆಚ್ಚು. ನಮ್ಮ ಸೀಮೆಯ ಖಾರದ ನಾಲಿಗೆಗೆ ಅದು ಹಿಡಿಸೀತು, ಆದರೆ ಅದೂ ಆಮೇಲೆ. ವೆನಿಲ್ಲಾ, ಚೆರಿ ಪರಿಮಳ ಬೆರೆಸಿದ್ದನ್ನು ನಾನು ಒಪ್ಪುವುದಿಲ್ಲ. ಎಲೆಯ ರುಚಿಗಾಗಿ ಬಂದವರಿಗೆ ಅದರಲ್ಲಿ ಏನೂ ಇಲ್ಲ, ಹುಡುಗರನ್ನು ಎಳೆಯುವುದು ಮಾತ್ರ ಇದೆ.

ಕೊಪ್ಪಳ, ಗಂಗಾವತಿಯ ಪಾನ್ ಅಂಗಡಿಯಲ್ಲಿ ಒಳ್ಳೆಯ ಸಿಗಾರ್ ಹುಡುಕಬೇಡಿ. ಬೆಂಗಳೂರು, ಹೈದರಾಬಾದಿನಲ್ಲಿ ತೇವದ ಪೆಟ್ಟಿಗೆಯಲ್ಲಿ ಇಟ್ಟು ಮಾರುವ ಅಂಗಡಿಗಳಿವೆ. ಅಲ್ಲಿ ಚಿಕ್ಕ ಪೆಟ್ಟಿಗೆ ಕೊಳ್ಳಿ. ಕ್ಯೂಬಾದ ಹೆಸರಿನಲ್ಲಿ ನಕಲಿ ಮಾಲು ವಿಪರೀತ. ಕ್ಯೂಬಾ ಸರ್ಕಾರದ ಹಸಿರು ಮುದ್ರೆಪಟ್ಟಿ ನೋಡಿ. ಭಾರತದಲ್ಲಿ ಕಾನೂನುಬದ್ಧವಾಗಿ ಮಾರುವ ಪೆಟ್ಟಿಗೆಯ ಮೇಲೆ ಚಿತ್ರಸಹಿತ ಎಚ್ಚರಿಕೆ 85 ಶೇಕಡಾ ಜಾಗ ತುಂಬಿರಬೇಕು. ಅದಿಲ್ಲದ ಪೆಟ್ಟಿಗೆ ಕಳ್ಳದಾರಿಯದು. ಪಾಪ, ಪೇಟೆಗೆ ಹೋದ ನಮ್ಮ ಹುಡುಗರು ಚಿತ್ರವಿಲ್ಲದ್ದೇ ಅಸಲಿ ಎಂದು ಹೆಚ್ಚು ಹಣ ಕೊಟ್ಟು ಬರುತ್ತಾರೆ. ಕರ್ನಾಟಕದಲ್ಲಿ ಈಗ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ 1000 ರೂಪಾಯಿವರೆಗೆ ದಂಡ. ಬೆಟ್ಟದ ಬುಡ, ಹೊಳೆಯ ದಂಡೆ, ಬಸ್ ನಿಲ್ದಾಣ ಎಲ್ಲವೂ ಸಾರ್ವಜನಿಕವೇ ಎಂದು ತಿಳಿಯಿರಿ.

ತಂದ ಮೇಲೆ ಇಡುವುದು ನಮ್ಮ ಕಡೆ ದೊಡ್ಡ ಕೆಲಸ. ಸಿಗಾರ್‌ಗೆ 65ರಿಂದ 70 ಶೇಕಡಾ ತೇವಾಂಶ ಬೇಕು. ಏಪ್ರಿಲ್, ಮೇ ತಿಂಗಳ ನಮ್ಮ ಒಣ ಬಿಸಿಲಿಗೆ ಹೊದಿಕೆ ಎಲೆ ಹಪ್ಪಳದಂತೆ ಒಡೆಯುತ್ತದೆ, ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ, ತೇವ ಕಾಯುವ ಪೊಟ್ಟಣ ಹಾಕಿ, ಮನೆಯ ತಂಪಾದ ಒಳಕೋಣೆಯಲ್ಲಿ ಇಡಿ. ಹುಳುವಿನ ಕಾಟ ಇನ್ನೊಂದು. ಅಡುಗೆಮನೆಯ ಅರಿಶಿನ, ಖಾರದ ಪುಡಿಗೆ ಬೀಳುವ ಸಣ್ಣ ಕಂದು ಹುಳುವೇ ತಂಬಾಕಿನ ಹುಳು. ಸೆಕೆಯಲ್ಲಿ ಎಲೆಯೊಳಗಿನ ಮೊಟ್ಟೆ ಒಡೆದು, ಸೂಜಿಯಲ್ಲಿ ಚುಚ್ಚಿದಷ್ಟು ಸಣ್ಣ ತೂತು ಕೊರೆದು ಹೊರಬರುತ್ತದೆ. ಭರಣಿಯನ್ನು ಮಸಾಲೆ ಡಬ್ಬಿಯ ಹತ್ತಿರ ಇಡಲೇಬಾರದು.

ಹವಾನಾದ ಹೆಸರು ಹೇಳುವಾಗೆಲ್ಲ ನನಗೆ ನಮ್ಮ ದಕ್ಷಿಣದ ಎಲೆ ನೆನಪಾಗಿ ಸಂಕಟವಾಗುತ್ತದೆ. ದಿಂಡಿಗಲ್ ಎಲೆಯ ತಿರುಚಿರಾಪಳ್ಳಿ ಚುಟ್ಟ ಬ್ರಿಟಿಷರ ಕಾಲದಲ್ಲಿ ಲಂಡನ್ನಿಗೆ ಹೋಗುತ್ತಿತ್ತು. 1887ರಲ್ಲಿ ಬಂದ ಮೊದಲ ಷರ್ಲಾಕ್ ಹೋಮ್ಸ್ ಕಾದಂಬರಿಯಲ್ಲಿ ಪತ್ತೇದಾರ ನೆಲದ ಬೂದಿ ನೋಡಿ ಅದು ತಿರುಚಿರಾಪಳ್ಳಿಯದೆಂದು ಗುರುತು ಹಿಡಿಯುತ್ತಾನೆ. ಬೂದಿಯಿಂದಲೇ ಗುರುತಾಗುವಷ್ಟು ಹೆಸರಿದ್ದ ಎಲೆ! 1896ರಲ್ಲಿ ಬೆಂಗಳೂರಿಗೆ ಸೇನಾಧಿಕಾರಿಯಾಗಿ ಬಂದ ಚರ್ಚಿಲ್ ಬಾಕಿ ಉಳಿಸಿಹೋದ 13 ರೂಪಾಯಿಯನ್ನು ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಇಂದಿಗೂ ತೋರಿಸುತ್ತಾರೆ. ಅವನ ಬಾಯಿಯ ಸಿಗಾರ್ ಜಗತ್ತಿಗೇ ಗೊತ್ತು, ಲಂಕೆಯ ಎಲೆ ಬೆಳೆದವನನ್ನು ಯಾರೂ ಕೇಳಲಿಲ್ಲ. ಕ್ಯಾಂಪಿನ ಹಿರಿಯರು ತೊಡೆಯ ಮೇಲೆ ಸುತ್ತಿದ ಚುಟ್ಟ ಕುಶಲ ಕೆಲಸವೇ ಆಗಿತ್ತು.

ಆ ಗೌರವ ಹೇಳಿದಷ್ಟೇ ಗಟ್ಟಿಯಾಗಿ ಇನ್ನೊಂದನ್ನೂ ಹೇಳಬೇಕು. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪೂರ್ತಿ ಸಿಗರೇಟು ಪ್ಯಾಕಿನಷ್ಟು ತಂಬಾಕು ಇರಬಲ್ಲದು. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್ ಸಿಗಾರ್‌ನಿಂದಲೂ ಬರುತ್ತದೆ. ಶ್ರೀಕಾಕುಳಂ ಕಡೆ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಚುಟ್ಟ ಸೇದುವ ಹೆಂಗಸರಲ್ಲಿ ಅಂಗುಳಿನ ಕ್ಯಾನ್ಸರ್ ಕಂಡು ವೈದ್ಯರು ಎಷ್ಟೋ ವರ್ಷ ಅಧ್ಯಯನ ನಡೆಸಿದ್ದಾರೆ. ಸೇದುವುದು ಕಡಿಮೆಯಾದಷ್ಟು ಅಪಾಯ ಕಡಿಮೆ, ಆದರೆ ಅಪಾಯವಿಲ್ಲದ ಸಿಗಾರ್ ಇಲ್ಲ. ನಾನು ತಪ್ಪದೆ ದಂತವೈದ್ಯರಿಗೆ ಬಾಯಿ ತೋರಿಸುತ್ತೇನೆ. ಬಿಳಿ ಅಥವಾ ಕೆಂಪು ಕಲೆ, ಮಾಯದ ಹುಣ್ಣು ಕಂಡವರು ಈ ಲೇಖನವನ್ನು ಇಲ್ಲಿಗೇ ಮಡಚಿಟ್ಟು ಆಸ್ಪತ್ರೆಗೆ ಹೋಗಬೇಕು.

ಬೀಡಿ, ಸಿಗರೇಟು ಬಿಟ್ಟು ಗೆದ್ದವರಿಗೆ ಒಂದು ಬೇಡಿಕೆ. ನೀವು ಸಿಗಾರ್ ಕಡೆ ಬರಬೇಡಿ. ಎದೆಗೆ ಎಳೆದು ರೂಢಿಯಾದವರು ಸಿಗಾರ್ ಹೊಗೆಯನ್ನೂ ಹಾಗೆಯೇ ಎಳೆಯುತ್ತಾರೆ, ಬಿಟ್ಟ ಚಟ ಅದೇ ದಾರಿಯಲ್ಲಿ ಮರಳುತ್ತದೆ. ಎಂದೂ ಸೇದದವರಿಗಂತೂ ಇಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇಲ್ಲ. ಬಿಡಲು ಒದ್ದಾಡುತ್ತಿರುವವರಿಗೆ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-11-2356.