ಮನೆ ಮುಂದೆ ಸಮುದ್ರದ ಗೆರೆ

ಸ್ಪೋರ್ಟ್ಸ್ ಡೇ ಹಿಂದಿನ ದಿನ ಪಿ.ಟಿ. ಮೇಷ್ಟ್ರು ಮೈದಾನದಲ್ಲಿ ಸುಣ್ಣದ ಪುಡಿಯಿಂದ ಟ್ರ್ಯಾಕ್ ಹಾಕುತ್ತಿದ್ದುದು ನೆನಪಿದೆಯಾ? 2007ರಲ್ಲಿ ಅಮೆರಿಕದ ಕಲಾವಿದೆ ಈವ್ ಮೋಷರ್ ನ್ಯೂಯಾರ್ಕ್‌ನ ಬೀದಿಗಳಲ್ಲಿ ಹೆಚ್ಚುಕಡಿಮೆ ಅದನ್ನೇ ಮಾಡಿದರು. ಮೈದಾನಕ್ಕೆ ಗೆರೆ ಹಾಕುವ ತಳ್ಳುಗಾಡಿಗೆ ಸೀಮೆಸುಣ್ಣದ ಪುಡಿ ತುಂಬಿಸಿಕೊಂಡು ಬ್ರೂಕ್ಲಿನ್ ಮತ್ತು ಮ್ಯಾನ್‌ಹ್ಯಾಟನ್‌ನ ದಂಡೆಯುದ್ದಕ್ಕೂ ನಡೆದರು. ಸುಮಾರು 110 ಕಿಲೋಮೀಟರ್! ಗೆರೆ ಫುಟ್‌ಪಾತ್ ದಾಟಿತು, ಪಾರ್ಕ್ ಹೊಕ್ಕಿತು, ಜನರ ಮನೆ ಮುಂದೆಯೇ ಹಾದುಹೋಯಿತು.

ಅದು ಸಮುದ್ರಮಟ್ಟಕ್ಕಿಂತ 10 ಅಡಿ ಎತ್ತರದ ಗುರುತು. ಭೂಮಿ ಬಿಸಿಯಾಗಿ ಸಮುದ್ರ ಏರಿದಂತೆ, ಚಂಡಮಾರುತದ ನೀರು ಅಲ್ಲಿಯವರೆಗೆ ಬರುವ ಸಾಧ್ಯತೆಯೂ ಹೆಚ್ಚುತ್ತೆ. ಇದನ್ನು ಹೇಳುವ ವರದಿಗಳು ಆಗಲೇ ಇದ್ದವು. ಆದರೆ ವರದಿ ಓದೋರು ಎಷ್ಟು ಜನ? ಗೆರೆ ಕಂಡವರು ಮಾತ್ರ ನಿಂತು, ಇದೇನು, ಯಾಕೆ ಅಂತ ಕೇಳುತ್ತಿದ್ದರು. ಅಲ್ಲಿಂದ ಮಾತು ಶುರು. ‘ಹೈವಾಟರ್‌ಲೈನ್’ ಎಂಬ ಆ ಕಲಾಕೃತಿಯಲ್ಲಿ ಸುಣ್ಣದಷ್ಟೇ ಮುಖ್ಯವಾದದ್ದು ಈ ಮಾತುಕತೆ.

ಗೆರೆ ದಾಟಿದ ನೀರು

2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್‌ಗೆ ಅಪ್ಪಳಿಸಿತು. ಮ್ಯಾನ್‌ಹ್ಯಾಟನ್‌ನ ದಕ್ಷಿಣ ತುದಿಯಲ್ಲಿ ನೀರು ಆ 10 ಅಡಿಯನ್ನೂ ಮೀರಿತು. ಸುರಂಗ ರಸ್ತೆ, ಸಬ್‌ವೇ ನಿಲ್ದಾಣ, ನೆಲಮಾಳಿಗೆಗಳು ತುಂಬಿಹೋದವು. ಐದು ವರ್ಷ ಹಿಂದೆ ಎಳೆದಿದ್ದ ಸುಣ್ಣ ಅಷ್ಟರಲ್ಲಿ ಎಂದೋ ಅಳಿಸಿಹೋಗಿತ್ತು.

ಹಾಗಾದರೆ ಏನುಪಯೋಗ ಅಂತೀರಾ? ನ್ಯಾಯವಾದ ಪ್ರಶ್ನೆ. ಸುಣ್ಣದ ಗೆರೆ ಒಂದು ಚೊಂಬು ನೀರನ್ನೂ ತಡೆಯೋದಿಲ್ಲ. ಆ ಕೆಲಸ ಎಂಜಿನಿಯರ್‌ಗಳದ್ದು, ಸರ್ಕಾರದ್ದು. ಆದರೆ ಕೆಲವು ಕಡೆ ಗೋಡೆಯೂ ಸೋಲುತ್ತೆ. ಮಯಾಮಿಯನ್ನೇ ನೋಡಿ. ಆ ನಗರ ನಿಂತಿರುವುದು ಸ್ಪಂಜಿನಂಥ ಸುಣ್ಣಕಲ್ಲಿನ ಮೇಲೆ. ದೊಡ್ಡ ಉಬ್ಬರದ ದಿನ ಮಳೆಯೇ ಇಲ್ಲದಿದ್ದರೂ ಚರಂಡಿಯಿಂದ, ನೆಲದಡಿಯಿಂದ ನೀರು ಮೇಲೇಳುತ್ತೆ. ಅಂಥ ಊರಲ್ಲಿ ಎಲ್ಲಿ ಕಟ್ಟಬೇಕು, ಯಾವಾಗ ಹೊರಡಬೇಕು, ಖರ್ಚು ಯಾರದು ಎಂಬುದನ್ನು ಜನರೇ ಕೂತು ಮಾತಾಡಬೇಕು.

2013ರಲ್ಲಿ ಹೈವಾಟರ್‌ಲೈನ್ ಮಯಾಮಿಗೆ ಹೋದಾಗ ಒಂದು ದೊಡ್ಡ ಬದಲಾವಣೆ ಆಯಿತು: ಗಾಡಿ ಅಲ್ಲಿನ ನಿವಾಸಿಗಳ ಕೈಗೇ ಬಂತು. ಮರುವರ್ಷ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲೂ ಊರಿನವರೇ ಗೆರೆ ಎಳೆದರು. ಇದು ಸಣ್ಣ ವಿಷಯ ಅಲ್ಲ. ಯಾರೋ ಹೊರಗಿನವರು ಬಂದು ನಿಮ್ಮ ಮನೆ ಮುಳುಗುತ್ತೆ ಅಂದರೆ ಸಿಟ್ಟು ಬರುತ್ತೆ. ಪಕ್ಕದ ಮನೆಯವರೇ ಗಾಡಿ ತಳ್ಳಿಕೊಂಡು ಬಂದರೆ ಬಾಗಿಲು ತೆರೆದು ಮಾತಾಡಲೇಬೇಕು. ನೀರು ನುಗ್ಗಿದ ದಿನ ಯಾರ ಮನೆಯ ವಯಸ್ಸಾದವರನ್ನು ಯಾರು ಎತ್ತಿಕೊಂಡು ಹೊರಡಬೇಕು ಎಂಬುದು ಇಂಥ ಮಾತಿನಲ್ಲೇ ತೀರ್ಮಾನವಾಗೋದು.

ದೆವ್ವದ ಬಲೆಯಿಂದ ಆಮೆ

ಆಸ್ಟ್ರೇಲಿಯಾ ಮತ್ತು ಪಪುವಾ ನ್ಯೂಗಿನಿ ನಡುವಿನ ಟಾರೆಸ್ ಜಲಸಂಧಿಯಲ್ಲಿ ಎರುಬ್ ಎಂಬ ಪುಟ್ಟ ದ್ವೀಪವಿದೆ. ಮೀನುಗಾರಿಕೆ ಹಡಗುಗಳಿಂದ ತಪ್ಪಿಸಿಕೊಂಡ, ಇಲ್ಲವೇ ಬಿಸಾಡಿದ ನೈಲಾನ್ ಬಲೆಗಳು ಆ ಕಡಲಿನಲ್ಲಿ ತೇಲುತ್ತಾ ಆಮೆ, ಮೀನುಗಳನ್ನು ಕೊಲ್ಲುತ್ತವೆ. ಇವಕ್ಕೆ ‘ಘೋಸ್ಟ್ ನೆಟ್’ ಅಂತ ಹೆಸರು, ಅಂದರೆ ದೆವ್ವದ ಬಲೆ. ಎರುಬ್‌ನ ಜನ ಅವನ್ನೇ ಬಿಡಿಸಿ, ಹೆಣೆದು, ಆಮೆ, ಶಾರ್ಕ್‌ಗಳನ್ನು ಮಾಡಿದರು. 2016ರಲ್ಲಿ ಅವರ ಕೃತಿಗಳು ಮೊನಾಕೋದ ಸಾಗರ ವಸ್ತುಸಂಗ್ರಹಾಲಯದವರೆಗೂ ಹೋದವು. ಆಮೆಯನ್ನು ಕೊಲ್ಲುವ ಬಲೆಯಿಂದಲೇ ಆಮೆ ಮಾಡಿದರೆ ಬೇರೆ ವಿವರಣೆ ಬೇಕಿಲ್ಲ.

ನಮ್ಮ ಕಡಲಿಗೆ ಎಂಥ ಗೆರೆ?

ನಮ್ಮ ಉಳ್ಳಾಲದ ಕಡೆಯವರಿಗೆ ಕಡಲ್ಕೊರೆತ ಹೊಸ ಸುದ್ದಿ ಏನಲ್ಲ. ಮಳೆಗಾಲ ಬಂತೆಂದರೆ ತೆಂಗಿನಮರ ಉರುಳಿದ, ಮನೆ ಬಿರುಕುಬಿಟ್ಟ ಫೋಟೊಗಳು ಪೇಪರಿನಲ್ಲಿ ಬರುತ್ತವೆ. ಕಲ್ಲು ತಂದು ಸುರಿಯುತ್ತಾರೆ. ಮುಂದಿನ ಮಳೆಗಾಲಕ್ಕೆ ಅದೇ ಕಥೆ.

ನ್ಯೂಯಾರ್ಕ್‌ನವರು ಮುಂದೆ ಬರಬಹುದಾದ ನೀರಿಗೆ ಗೆರೆ ಎಳೆದರು. ಕೊರೆತ ಕಂಡ ನಮ್ಮ ಊರುಗಳಲ್ಲಿ ಎಳೆಯಬೇಕಾದದ್ದು ಹಿಂದೆ ಇದ್ದ ದಡದ ಗೆರೆ. ಅದೀಗ ನೀರಿನೊಳಗಿದೆ. ದೋಣಿ ಎಳೆದಿಡುತ್ತಿದ್ದ ಜಾಗ, ಬಲೆ ಒಣಗಿಸುತ್ತಿದ್ದ ಮರಳು, ತೋಟದ ಬೇಲಿ ಎಲ್ಲಿತ್ತು ಅಂತ ಅಲ್ಲೇ ಬದುಕಿದ ಹಿರಿಯರು ಬೆರಳು ಮಾಡಿ ತೋರಿಸಬಲ್ಲರು. ಸಮುದ್ರ ಶಾಂತವಾಗಿರುವ ಒಂದು ದಿನ ಮೀನುಗಾರರೇ ಆ ಜಾಗಗಳಲ್ಲಿ ಬಣ್ಣದ ತೇಲುಬೆಂಡು ಕಟ್ಟಿ ನಿಲ್ಲಿಸಿದರೆ, ದಡದಲ್ಲಿ ನಿಂತವರಿಗೆ ಕಳೆದುಹೋದ ನೆಲ ಕಣ್ಣಿಗೇ ಕಾಣುತ್ತೆ. ಪರಿಹಾರದ ಅರ್ಜಿ ಹಿಡಿದು ಕಚೇರಿಗೆ ಅಲೆಯುವಾಗಲೂ ಊರೆಲ್ಲ ಒಪ್ಪಿದ ನೆನಪು ಬೆನ್ನಿಗಿರುತ್ತೆ.

ಇದಕ್ಕೆ ಗ್ಯಾಲರಿ ಬೇಡ, ದೊಡ್ಡ ಬಜೆಟ್ಟೂ ಬೇಡ. ತುರ್ತಾಗಿ ಬೇಕಾಗಿರುವುದು ಆ ಹಿರಿಯರ ನೆನಪು. ನಿಮ್ಮದು ಕರಾವಳಿಯ ಊರಾದರೆ, ಈ ಸಲ ರಜೆಗೆ ಹೋದಾಗ ಅಜ್ಜಿಯನ್ನೋ ದೊಡ್ಡಪ್ಪನನ್ನೋ ದಡಕ್ಕೆ ಕರೆದುಕೊಂಡು ಹೋಗಿ. ನೀವು ಚಿಕ್ಕವರಿದ್ದಾಗ ಸಮುದ್ರ ಎಲ್ಲಿತ್ತು ಅಂತ ಕೇಳಿ. ಅವರು ತೋರಿಸಿದ ಕಡೆ ಫೋನಿನ ಮ್ಯಾಪ್‌ನಲ್ಲಿ ಒಂದು ಗುರುತು ಹಾಕಿ. ನೆರೆಮನೆಯವರೂ ಒಂದೊಂದು ಗುರುತು ಹಾಕಿದರೆ ಊರಿನ ಗೆರೆ ತಯಾರು.