ಹಿತ್ತಲ ಕೋಣೆಗೆ ನೆಲದಡಿಯ ತಂತಿ



ಫತೇಗಂಜ್‌ನ ಹಳೆಯ ವಠಾರಗಳಲ್ಲಿ ನಮ್ಮವರು ಕೆಲವರು ಹಿತ್ತಲಲ್ಲಿ ಕಟ್ಟಿದ ಒಂಟಿ ಕೋಣೆಗಳಲ್ಲಿ ವಾಸವಾಗಿದ್ದಾರೆ. ಇಂಟರ್‌ನೆಟ್ಟಿನ ರೌಟರ್ ಮುಂದಿನ ಮನೆಯಲ್ಲಿ. ಓದುವ ಹುಡುಗನೋ, ರಾತ್ರಿ ಲೆಕ್ಕ ಬರೆಯುವ ಗುಮಾಸ್ತನೋ ಹಿಂದಿನ ಕೋಣೆಯಲ್ಲಿ. ನಡುವೆ ಎರಡು ದಪ್ಪ ಇಟ್ಟಿಗೆ ಗೋಡೆ, ಮೇಲೆ ತಗಡು. ವೈಫೈ ಅಷ್ಟು ದೂರ ಬರುವ ಹೊತ್ತಿಗೆ ಬಸವಳಿದು ಹೋಗಿರುತ್ತದೆ. ಆಗ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ: ಒಂದು ಲ್ಯಾನ್ ಕೇಬಲ್ ತಂದು ನೆಲದಲ್ಲಿ ಹೂಳಿಬಿಡುವುದು.

ನಾವೂ ಹಾಗೆಯೇ ಮಾಡಿದೆವು, ಮಾಡಿ ಕೆಟ್ಟೆವು. ನಮ್ಮ ವಾಚನಾಲಯದ ಕಂಪ್ಯೂಟರ್ ಇರುವುದು ಹಿತ್ತಲ ಕೋಣೆಯಲ್ಲಿ. ಅಲ್ಲಿಗೆ, ಅಗ್ಗವೆಂದು ಕೊಂಡ, ಮನೆಯೊಳಗೆ ಬಳಸುವ ಕೇಬಲನ್ನು ಅರ್ಧ ಅಡಿ ಆಳದಲ್ಲಿ ಪೈಪೂ ಇಲ್ಲದೆ ಹೂತೆವು. ಮೊದಲ ವರ್ಷ ಎಲ್ಲವೂ ನಡೆಯಿತು. ಎರಡನೆಯ ಮಳೆಗಾಲದಲ್ಲಿ ವೇಗ ಕುಗ್ಗಿತು. ಒಂದು ರಾತ್ರಿ ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದಾಗ ಎರಡೂ ತುದಿಯ ಯಂತ್ರಗಳು ಒಟ್ಟಿಗೇ ಸತ್ತವು. ಮರುದಿನ ನಮ್ಮ ಸದಸ್ಯರೊಬ್ಬರ ಮಗಳ ಕಾಲೇಜು ಅರ್ಜಿಗೆ ಕೊನೆಯ ದಿನ. ಮಳೆಗೆ ಮೊಬೈಲಿನ ಸಂಪರ್ಕವೂ ನಿಂತಿತ್ತು. ಅರ್ಜಿ ಹೋಗಲಿಲ್ಲ. ಆ ಹುಡುಗಿಗೆ ಒಂದು ವರ್ಷ ವ್ಯರ್ಥವಾಯಿತು. ತಪ್ಪು ಸಿಡಿಲಿನದಲ್ಲ, ನಮ್ಮದು. ಇನ್ನೊಬ್ಬರಿಗೆ ಹಾಗಾಗದಿರಲೆಂದು, ಆಮೇಲೆ ಕಲಿತುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕೇಬಲ್ ಕೆಟ್ಟದ್ದೇಕೆ?

ಮನೆಯೊಳಗಿನ ಕೇಬಲಿನ ಹೊದಿಕೆ ತೆಳು. ನೆಲದ ತೇವ ನಿಧಾನವಾಗಿ ಒಳಗಿಳಿಯುತ್ತದೆ, ತಾಮ್ರ ಕಿಲುಬು ಹಿಡಿಯುತ್ತದೆ. ಇದರ ಮೇಲೆ ಗೆದ್ದಲು, ಹೆಗ್ಗಣಗಳ ಕಾಟ. ಎರೆಮಣ್ಣಿದ್ದಲ್ಲಿ ಇನ್ನೊಂದು ತೊಂದರೆಯುಂಟು. ಗದಗ, ಧಾರವಾಡದ ಕಡೆಯವರಿಗೆ ಹೇಳಬೇಕಾದುದಿಲ್ಲ. ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುವ ಆ ಮಣ್ಣು ಬರಿಯ ತಂತಿಯನ್ನು ವರ್ಷವರ್ಷವೂ ಜಗ್ಗಾಡುತ್ತದೆ.

ಅಗ್ಗದ ಕೇಬಲಿನಲ್ಲಿ ಬೇರೊಂದು ಮೋಸವೂ ಇರಬಹುದು. ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ. ಬ್ಲೇಡಿನಿಂದ ಎಳೆಯನ್ನು ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ. ಅಂತಹುದು ಬೇಗ ಮುರಿಯುತ್ತದೆ, ತೇವ ತಾಗಿದರೆ ಬೇಗ ಕೊರೆದುಹೋಗುತ್ತದೆ.

ಸಿಡಿಲಿನ ಮಾತು

ಸಿಡಿಲು ನೇರವಾಗಿ ಮನೆಯ ಮೇಲೆಯೇ ಬೀಳಬೇಕೆಂದಿಲ್ಲ. ಹತ್ತಿರದ ನೆಲಕ್ಕೆ ಬಿದ್ದರೂ ಸಾಕು. ಆ ಕ್ಷಣದಲ್ಲಿ ಮುಂದಿನ ಮನೆಯ ನೆಲಕ್ಕೂ ಹಿಂದಿನ ಕೋಣೆಯ ನೆಲಕ್ಕೂ ಸಾವಿರಾರು ವೋಲ್ಟಿನ ಅಂತರ ಹುಟ್ಟಬಹುದು. ಎರಡು ಕಟ್ಟಡಗಳನ್ನು ತಾಮ್ರದ ತಂತಿಯಿಂದ ಜೋಡಿಸಿದ್ದರೆ ವಿದ್ಯುತ್ತಿಗೆ ಅದೇ ಹಾದಿ. ಲ್ಯಾನ್ ಯಂತ್ರಗಳೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿದ್ದು ಸುಮಾರು 1500 ವೋಲ್ಟಿನವರೆಗೆ ತಡೆಯುತ್ತವೆ. ಅದಕ್ಕೆ ಮೀರಿದರೆ ಸುಟ್ಟು ಹೋಗುತ್ತವೆ.

ಮನುಷ್ಯನಿಗೂ ಅಪಾಯವುಂಟು. ಹಿತ್ತಲ ಕೋಣೆಗಳಲ್ಲಿ ಎಷ್ಟೋ ಕಡೆ ಅರ್ಥಿಂಗ್ ಇರುವುದೇ ಇಲ್ಲ. ಲೋಹದ ಕವಚವಿರುವ ಕೇಬಲನ್ನು ಅಂತಹ ಕೋಣೆಗೆ ಎಳೆದರೆ, ಅಲ್ಲಿಯ ಯಂತ್ರದಿಂದ ಸೋರುವ ವಿದ್ಯುತ್ತು ಆ ಕವಚದ ಮೂಲಕ ಇನ್ನೊಂದು ತುದಿಯವರೆಗೂ ಬರಬಹುದು. ಪ್ಲಗ್ಗು ಮುಟ್ಟಿದಾಗ ಕೈ ಜುಮ್ಮೆಂದರೆ ಅದನ್ನು ತಮಾಷೆಯೆಂದು ತಿಳಿಯಬಾರದು. ಕೆಲಸ ನಿಲ್ಲಿಸಿ, ಮೊದಲು ಅರ್ಥಿಂಗ್ ಪರೀಕ್ಷೆ ಮಾಡಿಸಬೇಕು.

ಗಾಜಿನ ಎಳೆ

ಇದಕ್ಕೆ ಪರಿಹಾರ ಫೈಬರ್, ಅಂದರೆ ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು, ವಿದ್ಯುತ್ತಲ್ಲ. ಶುದ್ಧ ಗಾಜಿನ ಎಳೆಯಲ್ಲಿ ಬೆಳಕಿನ ಸಂದೇಶ ಬಹುದೂರ ಹೋಗಬಲ್ಲುದೆಂದು ಚಾರ್ಲ್ಸ್ ಕಾವ್ ಎಂಬ ವಿಜ್ಞಾನಿ 1966ರಲ್ಲಿ ತೋರಿಸಿದರು. ಅದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಸಾಗರ ದಾಟುವ ಆ ವಿದ್ಯೆಯೇ ನಮ್ಮ ಹಿತ್ತಲಿಗೂ ಆದೀತು. ತಾಮ್ರದ ಲ್ಯಾನ್ ಕೇಬಲಿಗೆ 100 ಮೀಟರಿನ ಮಿತಿ. ಫೈಬರಿಗೆ ನಮ್ಮ ಹಿತ್ತಲುಗಳಲ್ಲಿ ಆ ಚಿಂತೆಯಿಲ್ಲ.

ತುದಿ ಕಟ್ಟಿಸಿದ ಫೈಬರ್ ಅಂಗಡಿಯಲ್ಲಿ ಬೇಕಾದ ಉದ್ದಕ್ಕೆ ಸಿಗುತ್ತದೆ. ಹೊರಾಂಗಣದ್ದೇ, ಲೋಹದ ಕವಚವಿಲ್ಲದ್ದೇ ಬೇಕೆಂದು ಕೇಳಿ. ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಎಂಬ ಚಿಕ್ಕ ಪೆಟ್ಟಿಗೆ ಬೇಕು. ಒಂದೇ ಎಳೆಯಲ್ಲಿ ಕೆಲಸ ಮಾಡುವ ಕನ್ವರ್ಟರುಗಳಲ್ಲಿ ಎ ಮತ್ತು ಬಿ ಎಂದು ಎರಡು ಬಗೆ. ಒಂದು ಎ, ಒಂದು ಬಿ ತರಬೇಕು. ಎರಡು ಎ ತಂದವರು ಮತ್ತೆ ಅಂಗಡಿಗೆ ನಡೆಯಬೇಕಾಗುತ್ತದೆ. ಇನ್ನೊಂದು ಮಾತು: ಉರಿಯುತ್ತಿರುವ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಆ ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿಗೆ ಕೆಡುಕು.

ತಾಮ್ರವನ್ನೇ ಹಾಕುವುದಾದರೆ ನೆಲದಲ್ಲಿ ಹೂಳಲೆಂದೇ ಮಾಡಿದ, ಜೆಲ್ ತುಂಬಿದ ಕೇಬಲ್ ತಂದು, ಎರಡೂ ತುದಿಗೆ ಸರ್ಜ್ ರಕ್ಷಕ ಹಾಕಿಸಿ, ಅದಕ್ಕೆ ಸರಿಯಾದ ಅರ್ಥಿಂಗ್ ಕೊಡಿಸಬೇಕು. ಇಷ್ಟೆಲ್ಲ ಕೂಡಿಸಿದರೆ ಖರ್ಚು ಫೈಬರಿಗಿಂತ ಕಡಿಮೆಯಾಗುವ ಖಾತ್ರಿಯಿಲ್ಲ.

ಅಗೆಯುವ ಮುನ್ನ

ಮೊದಲು ಮನೆಯ ಯಜಮಾನರ ಒಪ್ಪಿಗೆ ಪಡೆಯಿರಿ. ಬಿಟ್ಟು ಹೋಗುವಾಗ ಪೈಪು ಯಾರದು, ಯಂತ್ರ ಯಾರದು ಎಂಬುದನ್ನೂ ಆಗಲೇ ಮಾತಾಡಿಕೊಳ್ಳಿ. ಎರಡನೆಯದಾಗಿ, ನೆಲದಡಿಯಲ್ಲಿ ಏನಿದೆಯೆಂದು ವಿಚಾರಿಸಿ. ನಮ್ಮ ಊರಿನಲ್ಲಿ ನೀರು, ಚರಂಡಿಗಳ ಜೊತೆಗೆ ಅಡುಗೆ ಅನಿಲದ ಕೊಳವೆಗಳೂ ಉಂಟು. ಹಿತ್ತಲ ಕೋಣೆಗೆ ದೀಪದ ಕೇಬಲ್ ಯಾವ ದಾರಿಯಲ್ಲಿ ಹೋಗಿದೆಯೆಂದು ತಿಳಿಯದೆ ಹಾರೆ ಎತ್ತಬಾರದು. ಮೇನ್ ಸ್ವಿಚ್ ಆರಿಸಿಯೇ ಅಗೆಯಿರಿ.

ದೀಪದ ಕೇಬಲ್ 75 ಸೆಂಟಿಮೀಟರಾದರೂ ಆಳದಲ್ಲಿರಬೇಕೆಂಬುದು ನಮ್ಮ ದೇಶದ ವಾಡಿಕೆಯ ನಿಯಮ. ಹಳೆಯ ಮನೆಗಳಲ್ಲಿ ಅದನ್ನು ನಂಬಿ ಕೂರಬಾರದು. ನಮ್ಮ ಪೈಪಿಗೆ ಒಂದೂವರೆಯಿಂದ ಎರಡು ಅಡಿ ಆಳ ಸಾಕು. ದೀಪದ ಕೇಬಲಿಗೂ ಅದಕ್ಕೂ ಒಂದು ಅಡಿ ಅಂತರವಿರಲಿ. ಎರಡನ್ನೂ ಒಂದೇ ಪೈಪಿನಲ್ಲಿ ಎಂದಿಗೂ ಹಾಕಬಾರದು.

ಪೈಪು ಮತ್ತು ಕಾಲುವೆ

32 ಮಿಲಿಮೀಟರಿನ ಎಚ್‌ಡಿಪಿಇ ಪೈಪು ಒಳ್ಳೆಯದು. ಫೈಬರಿನ ಕಟ್ಟಿದ ತುದಿ ಅದರಲ್ಲಿ ಸಲೀಸಾಗಿ ದಾಟುತ್ತದೆ. ಮೂಲೆಗಳಲ್ಲಿ ಸಣ್ಣ ಎಲ್ಬೋ ಬೇಡ, ಪೈಪನ್ನೇ ದೊಡ್ಡದಾಗಿ ಬಾಗಿಸಿ. ಕಾಲುವೆಯ ತಳಕ್ಕೆ ಮೂರು ಇಂಚು ಮರಳು, ಪೈಪು, ಮತ್ತೆ ಮರಳು, ಅದರ ಮೇಲೆ ಒಂದು ಸಾಲು ಇಟ್ಟಿಗೆ, ಆಮೇಲೆ ಮಣ್ಣು. ಮುಂದೊಂದು ದಿನ ಅಗೆಯುವವನ ಗುದ್ದಲಿಗೆ ಮೊದಲು ಇಟ್ಟಿಗೆ ಸಿಕ್ಕಿ ಎಚ್ಚರವಾಗುತ್ತದೆ.

ಪೈಪಿನೊಳಗೆ ಗಟ್ಟಿ ನೈಲಾನ್ ಹುರಿಯೊಂದನ್ನು ಮೊದಲೇ ಬಿಟ್ಟಿರಿ. ಕೇಬಲ್ ಎಳೆಯುವಾಗ ಅದರ ಜೊತೆಗೆ ಇನ್ನೊಂದು ಹುರಿಯನ್ನೂ ಎಳೆದುಬಿಡಿ, ನಾಳಿನ ಕೆಲಸಕ್ಕೆ ಬರುತ್ತದೆ. ಎಳೆಯುವುದು ನಿಧಾನವಾಗಿರಲಿ. ತಾಮ್ರದ ಲ್ಯಾನ್ ಕೇಬಲ್ ತಾಳುವುದು ಸುಮಾರು 11 ಕಿಲೋ ತೂಕದ ಎಳೆತ ಮಾತ್ರ. ಸಿಕ್ಕಿಕೊಂಡರೆ ಇಬ್ಬರು ಸೇರಿ ಜಗ್ಗುವುದಲ್ಲ, ಹಿಂದಕ್ಕೆ ಬಿಟ್ಟು ಮತ್ತೆ ಎಳೆಯುವುದು.

ನೆಲದೊಳಗಿನ ಪೈಪಿನಲ್ಲಿ ಇಂದಲ್ಲ ನಾಳೆ ನೀರು ಸೇರಿಯೇ ಸೇರುತ್ತದೆ. ಆದುದರಿಂದಲೇ ಒಳಗಿನ ಕೇಬಲ್ ನೀರು ತಾಳುವಂತಹುದಿರಬೇಕು. ಗೋಡೆಯ ತೂತನ್ನು ಹೊರಕ್ಕೆ ಇಳಿಜಾರಾಗಿ ಕೊರೆದು, ಸುತ್ತಲೂ ಮುಚ್ಚಿ.

ಯಂತ್ರಗಳನ್ನು ಎದೆಯ ಎತ್ತರಕ್ಕಿಂತ ಕೆಳಗೆ ಇಡಬೇಡಿ. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ಉಕ್ಕಿ ವಡೋದರೆಯ ಎಷ್ಟೋ ಬಡಾವಣೆಗಳಲ್ಲಿ ನೀರು ನಿಂತುದನ್ನು, ಬೀದಿಗೆ ಮೊಸಳೆಗಳು ಬಂದುದನ್ನು ನಾವು ಯಾರೂ ಮರೆತಿಲ್ಲ. ನೆಲದ ಮೇಲಿಟ್ಟ ರೌಟರಿಗೆ ಆ ದಿನ ಉಳಿವಿರಲಿಲ್ಲ.

ಕೊನೆಯ ಕೆಲಸ

ಮಣ್ಣು ಮುಚ್ಚುವ ಮೊದಲು ಎರಡೂ ತುದಿ ಜೋಡಿಸಿ ಪರೀಕ್ಷಿಸಿ. ಕಾಲುವೆಯ ಚಿತ್ರ ತೆಗೆಯಿರಿ. ಗೋಡೆಯ ಮೂಲೆಯಿಂದ ಎಷ್ಟು ಅಡಿ, ಎಷ್ಟು ಆಳ ಎಂಬುದನ್ನು ಕಾಗದದಲ್ಲಿ ಬರೆದಿಡಿ. ನಾವು ಇಲ್ಲಿ ಬಾಡಿಗೆದಾರರು; ನಾಳೆ ವರ್ಗವಾಗಿ ಹೋದೇವು. ನಮ್ಮ ನಂತರ ಅದೇ ನೆಲವನ್ನು ಅಗೆಯುವವನು ಯಾರೋ ಕೂಲಿಯವನು. ಆ ಕಾಗದ ಅವನಿಗಾಗಿ.

ನಮ್ಮ ಹೊಸ ಫೈಬರ್ ಹಾಕಿದುದು ಒಂದು ರವಿವಾರ, ಆರು ಜನರ ಶ್ರಮದಿಂದ. ಆ ಹುಡುಗಿ ಮರುವರ್ಷ ಅದೇ ಮೇಜಿನ ಮುಂದೆ ಕುಳಿತು ಅರ್ಜಿ ತುಂಬಿದಳು. ಹೊರಗೆ ಮಳೆ ಗುಡುಗುತ್ತಿತ್ತು, ಅರ್ಜಿ ಹೋಯಿತು. ಕಾಲುವೆಯ ನಕ್ಷೆ ವಾಚನಾಲಯದ ಪತ್ರಿಕೆಗಳ ಕಪಾಟಿನ ಪಕ್ಕದಲ್ಲಿ ತೂಗುಹಾಕಿದೆ. ಉಳಿದ ನೈಲಾನ್ ಹುರಿ, ಅಳತೆಯ ಪಟ್ಟಿ, ಸಲಿಕೆ ಇಲ್ಲಿಯೇ ಇವೆ. ಬೇಕಾದವರು ಬಂದು ಒಯ್ಯಬಹುದು. ಹೇಳಿ ಕಳುಹಿಸಿದರೆ ಕೈಗೂಡಿಸಲು ನಾವೂ ಬರುತ್ತೇವೆ.